ಅಷ್ಟೊಂದು ‘ಇಂಗ್’ ಯಾಕೆ ಮಾರಾಯ?

ಸುಧಾಕರನ ಮಗನಿಗೆ ದುಬೈಯ ಒಂದು ಕಂಪನಿಯಿಂದ ವಿಡಿಯೋ ಇಂಟರ್‌ವ್ಯೂಗೆ ಕರೆ ಬಂದಿದೆ. ಹುಡುಗ ತನ್ನ ಬಗ್ಗೆ ಹೇಳಿಕೊಳ್ಳಲು ಒಂದು ಪುಟ ಇಂಗ್ಲಿಷ್ ಬರೆದಿಟ್ಟಿದ್ದ. ಅಪ್ಪ ಅದನ್ನು ಅಂಗಿ ಜೇಬಿಗೆ ಹಾಕಿಕೊಂಡು ಮಂಗಳೂರು ಹಂಪನಕಟ್ಟೆಯ ನಮ್ಮ ಮಾಮೂಲಿ ಹೋಟೆಲಿಗೆ ಬಂದ. ಗೋಳಿಬಜೆ, ಚಟ್ನಿ, ಚಾ. ಗಲ್ಫ್‌ನಲ್ಲಿ ಲೆಕ್ಕ ಬರೆದು ಬರೆದು ಊರಿಗೆ ವಾಪಸಾದ ಹಮೀದ್ ಇದ್ದ, ಇಂಗ್ಲಿಷ್ ಕಲಿಸಿ ರಿಟೈರ್ ಆದ ಲವೀನಾ ಟೀಚರ್ ಇದ್ದರು, ಬಿಟ್ಟಿ ಸಲಹೆ ಕೊಡಲು ನಾನಿದ್ದೆ. ಟೀಚರ್ ಕನ್ನಡಕ ಏರಿಸಿ ಮೊದಲ ಸಾಲು ಓದಿದರು.

“ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್.”

“ಸರಿಯೇ ಉಂಟಲ್ಲ ಟೀಚರ್, ಇಬ್ಬರೇ ಅವನಿಗೆ ಅಕ್ಕಂದಿರು,” ಅಂದ ಸುಧಾಕರ.

“ಲೆಕ್ಕ ಸರಿ ಉಂಟು. ಆದ್ರೆ ನೀವು ಈಗ ತಿಂತಾ ಇದ್ದೀರಲ್ಲ, ಅದಕ್ಕೆ ಐ ಆಮ್ ಹ್ಯಾವಿಂಗ್ ಗೋಳಿಬಜೆ ಅನ್ನಬಹುದು. ಅದೇ ಧಾಟಿಯಲ್ಲಿ ನಿಮ್ಮ ಮಗ ಇಬ್ಬರು ಅಕ್ಕಂದಿರನ್ನು...”

ಸುಧಾಕರ ಕೈಯಲ್ಲಿದ್ದ ಗೋಳಿಬಜೆಯನ್ನು ಮೆಲ್ಲ ಪ್ಲೇಟಿಗೆ ಇಟ್ಟ.

ಹ್ಯಾವ್ ಅಂದ್ರೆ ತಿನ್ನುವುದು, ಕುಡಿಯುವುದು, ಮೀಟಿಂಗ್ ಮಾಡುವುದು ಅಂತಾದರೆ ಕ್ರಿಯಾಪದದ ಬಾಲಕ್ಕೆ ಇಂಗ್ (ing) ಹಾಕಬಹುದು, ಯಾಕಂದ್ರೆ ಅದು ಶುರುವಾಗಿ ಮುಗಿಯುವ ಕೆಲಸ. ಸುಮ್ನೆ ‘ನನಗೆ ಇದೆ’ ಅನ್ನುವುದಕ್ಕೆ ಇಂಗ್ ಇಲ್ಲ, ಐ ಹ್ಯಾವ್ ಟೂ ಸಿಸ್ಟರ್ಸ್, ಅಷ್ಟೇ. ಟೀಚರ್ ಇಷ್ಟು ಹೇಳಿ ಎರಡನೇ ಸಾಲಿಗೆ ಬಂದರು. ಅಲ್ಲಿ ‘ಐ ಆಮ್ ನೋಯಿಂಗ್ ಟ್ಯಾಲಿ’ ಅಂತಿತ್ತು. ಟ್ಯಾಲಿ ಅಂದ್ರೆ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಸಾಫ್ಟ್‌ವೇರ್.

“ಟ್ಯಾಲಿ ಗೊತ್ತಿರುವುದು ಒಂದು ಕೆಲಸವಾ? ಬೆಳಿಗ್ಗೆ ಎದ್ದು ಹತ್ತು ನಿಮಿಷ ಗೊತ್ತಿಟ್ಟುಕೊಂಡು ಮತ್ತೆ ಚಾ ಕುಡೀತಾನಾ?” ಅಂದರು ಟೀಚರ್. “ನೋ, ಅಂಡರ್‌ಸ್ಟ್ಯಾಂಡ್, ವಾಂಟ್, ನೀಡ್, ಬಿಲೀವ್, ಬಿಲಾಂಗ್, ಇವೆಲ್ಲ ಒಂದೇ ಜಾತಿ. ಮಾಡುವುದಲ್ಲ, ಇರುವುದು. ಇವುಗಳ ಬಾಲಕ್ಕೆ ಇಂಗ್ ಕಟ್ಟಬೇಡಿ.”

ಹಮೀದ್ ಬಿಡುತ್ತಾನಾ? “ಹಾಗಾದ್ರೆ ಮೆಕ್‌ಡೊನಾಲ್ಡ್ಸ್‌ನವರು 2003ರಿಂದ ಐ ಆಮ್ ಲವಿಂಗ್ ಇಟ್ ಅಂತ ಊರಿಡೀ ಬೋರ್ಡ್ ಹಾಕಿದ್ದಾರಲ್ಲ ಟೀಚರ್, ಅವರಿಗೆ ಯಾರೂ ಮಾರ್ಕ್ ಕಡಿಮೆ ಮಾಡ್ಲಿಲ್ವಾ?”

“ಅದು ಬೇಕೂಂತಲೇ ಮಾಡಿದ್ದು. ಬಾಯಲ್ಲಿ ಇರುವಾಗ ಈ ಕ್ಷಣ ಖುಷಿ ಆಗ್ತಾ ಉಂಟು ಅಂತ. ಬರ್ಗರ್ ಮಾರುವವನಿಗೆ ನಡೀತದೆ, ಕೆಲಸ ಕೇಳಲು ಹೋಗುವವನಿಗೆ ಕಷ್ಟ.”

ಈ ಇಂಗ್ ಹುಚ್ಚು ಬರೀ ಈ ಹುಡುಗನದ್ದಲ್ಲ ಬಿಡಿ. ನಮ್ಮಲ್ಲಿ ಇಂಗ್ಲಿಷ್ ಮಾತಾಡಲು ಹೊರಟವರು ಸಾರಿಗೆ ಇಂಗು ಹಾಕಿದ ಹಾಗೆ ಹಾಕುತ್ತಾರೆ, ಒಂದು ಚಿಟಿಕೆ ಸಾಕಾಗುವ ಕಡೆ ಇಡೀ ಡಬ್ಬಿ. ಐ ಗೋ ಅಂದರೆ ಏನೋ ಬೋಳುಬೋಳು, ಐ ಆಮ್ ಗೋಯಿಂಗ್ ಅಂದರೆ ಬಾಯಿ ತುಂಬುತ್ತದೆ, ಎದುರಿನವನಿಗೂ ಇವನಿಗೆ ಇಂಗ್ಲಿಷ್ ಬರ್ತದೆ ಅಂತ ಒಂದು ಭಯ ಹುಟ್ಟುತ್ತದೆ. ನನಗೆ ತೋಚುವ ಕಾರಣ ಇಷ್ಟೇ.

ಸುಧಾಕರನಿಗೆ ಬೇರೆ ಕಾರಣ ಸಿಕ್ಕಿತ್ತು. “ನಮ್ಮ ಭಾಷೆಯಲ್ಲಿ ಇಂಥ ಎರಡೆರಡು ವರ್ತಮಾನ ಕಾಲ ಇಲ್ಲ, ಅದಕ್ಕೇ ನಮಗೆ ಕಷ್ಟ.”

“ಇಲ್ವಾ? ದಿನಾ ಚಾ ಕುಡೀತೇನೆ, ಈಗ ಚಾ ಕುಡೀತಾ ಇದ್ದೇನೆ. ಇದೆರಡು ಒಂದೇನಾ?” ಅಂದೆ. ಬೇಕಾದರೆ ಜರ್ಮನರು ಹಾಗೆ ಹೇಳಿಕೊಳ್ಳಲಿ, ಅವರ ಭಾಷೆಯಲ್ಲಿ ಈಗ ಮಾಡುತ್ತಿರುವುದಕ್ಕೂ ದಿನಾ ಮಾಡುವುದಕ್ಕೂ ಕ್ರಿಯಾಪದದ ರೂಪ ಒಂದೇ. ಅಂಥ ಭಾಷೆಯಿಂದ ಬಂದ ಕಿಟೆಲ್ ಪಾದ್ರಿಗಳು ಕನ್ನಡ ಕಲಿತರು. 1894ರಲ್ಲಿ ಅವರ ನಿಘಂಟು ಇದೇ ಮಂಗಳೂರಿನ ಬಾಸೆಲ್ ಮಿಷನ್‌ನಿಂದ ಹೊರಬಂತು, 1903ರಲ್ಲಿ ಕನ್ನಡ ವ್ಯಾಕರಣವೂ ಬಂತು. ಕುಡೀತೇನೆ, ಕುಡೀತಾ ಇದ್ದೇನೆ ಎರಡನ್ನೂ ಹುಟ್ಟಿದಾಗಿನಿಂದ ಕೇಳಿಕೊಂಡು ಬಂದ ನಮಗೆ ಏನು ಧಾಡಿ?

“ಅವರಿಗೆ ಆಗ ವಾಟ್ಸ್ಯಾಪ್ ಇರ್ಲಿಲ್ಲ ಮಾರಾಯ, ಟೈಮ್ ಇತ್ತು,” ಅಂದ ಸುಧಾಕರ.

ಎಡವಟ್ಟಾಗುವುದು ನಾಳೆಯ ವಿಷಯದಲ್ಲಿ. ನಾವು ನಾಳೆ ಬರ್ತೇನೆ ಅಂತೇವೆ, ದಿನಾ ಬರ್ತೇನೆ ಅಂತಲೂ ಅಂತೇವೆ, ‘ಬರ್ತೇನೆ’ ಎರಡೂ ಕಡೆ ದುಡಿಯುತ್ತದೆ. ಇಂಗ್ಲಿಷ್‌ನಲ್ಲಿ ಐ ಕಮ್ ಟುಮಾರೋ ಅಂದರೆ ಕೇಳುವವನು ತಲೆ ಕೆರೆದುಕೊಳ್ಳುತ್ತಾನೆ. ಮಾತಾಡಿ ಗೊತ್ತು ಮಾಡಿಕೊಂಡ ಭೇಟಿಗೆ ಅಲ್ಲಿ ಇಂಗ್ ಬೇಕು, ಐ ಆಮ್ ಮೀಟಿಂಗ್ ದ ಮ್ಯಾನೇಜರ್ ಟುಮಾರೋ. ಆದರೆ ಟೈಮ್‌ಟೇಬಲ್ ಇದ್ದರೆ ಇಂಗ್ ಬೇಡ, ಇಂಗ್ ಇಲ್ಲದ ‘ಸಿಂಪಲ್’ ವರ್ತಮಾನ ಸಾಕು, ದ ಟ್ರೈನ್ ಲೀವ್ಸ್ ಟುಮಾರೋ ಅಂದರೂ ನಡೆಯುತ್ತದೆ.

ಹಿಂದೊಮ್ಮೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ಸುಧಾಕರನಿಗೆ ಇದು ಮಾತ್ರ ತಟ್ಟನೆ ಹತ್ತಿತು. “ಹಾಗಾದ್ರೆ ನಮ್ಮ ಉಡುಪಿ ಬಸ್ಸು ಪೂರಾ ಸಿಂಪಲ್! ದ ಬಸ್ ಲೀವ್ಸ್ ಅಟ್ 6:42. ಒಂದು ನಿಮಿಷ ಲೇಟಾದ್ರೆ ಹಿಂದಿನ ಬಸ್ಸಿನವನು ಬಂದು ಬೈತಿದ್ದ.”

“ಬೈಯುವುದೂ ದಿನಾ ಆದ್ರೆ ಅದೂ ಸಿಂಪಲ್,” ಅಂದ ಹಮೀದ್.

ಮೂರನೇ ಸಾಲು. ‘ಐ ಆಮ್ ಲಿವಿಂಗ್ ಇನ್ ಸುರತ್ಕಲ್.’ ಟೀಚರ್ ಪೆನ್ನು ಎತ್ತಿದವರು ನಿಲ್ಲಿಸಿದರು. ಇದು ತಪ್ಪೇನಲ್ಲವಂತೆ. ಸ್ವಲ್ಪ ದಿನದ ಮಟ್ಟಿಗೆ ಇದ್ದೇನೆ ಅಂತಾದರೆ ಲಿವಿಂಗ್, ಅದೇ ನಮ್ಮ ಊರು ಮನೆ ಅಂತಾದರೆ ಲಿವ್.

“ಬಾಡಿಗೆ ಮನೆಯಾದ್ರೆ?”

“ಎಷ್ಟು ವರ್ಷ ಆಯ್ತು?”

“ಹತ್ತಿರ ಹತ್ತಿರ ಇಪ್ಪತ್ತು. ಆದ್ರೆ ಓನರ್ ಪ್ರತಿ ತಿಂಗಳು ಖಾಲಿ ಮಾಡಿ ಅಂತ ಹೇಳ್ತಾರೆ.”

ಟೀಚರ್ ಸರ್ವಿಸಿನಲ್ಲಿ ಇಂಥ ಪ್ರಶ್ನೆ ಬಂದಿರಲಿಕ್ಕಿಲ್ಲ. ಕೊನೆಗೆ, ನಿಮಗೆ ಲಿವ್, ಓನರಿಗೆ ಲಿವಿಂಗ್ ಅಂತ ತೀರ್ಪು ಕೊಟ್ಟರು.

ನಮ್ಮ ಪಂಪ್‌ವೆಲ್ ಫ್ಲೈಓವರಿನದ್ದೂ ಇದೇ ಕಥೆಯಲ್ವಾ? ದೇ ಆರ್ ಬಿಲ್ಡಿಂಗ್ ಎ ಫ್ಲೈಓವರ್ ಅಂತ ಮೊದಲು ಹೇಳುತ್ತಿದ್ದೆವು. ವರ್ಷದ ಮೇಲೆ ವರ್ಷ ಹೋಗುತ್ತಾ ಹೋಗುತ್ತಾ ಅದು ಈಗ ನಡೆಯುವ ಕೆಲಸವೋ, ಸೂರ್ಯ ಮೂಡುವ ಹಾಗೆ ಶಾಶ್ವತ ಸತ್ಯವೋ ಗೊತ್ತಾಗದೆ, ದೇ ಬಿಲ್ಡ್ ಎ ಫ್ಲೈಓವರ್ ಅನ್ನುವ ಮಟ್ಟಕ್ಕೆ ಬಂದಿತ್ತು. 2020ರ ಜನವರಿ ಕೊನೆಗೆ ಓಪನ್ ಆಗಿ ವ್ಯಾಕರಣ ಉಳಿಯಿತು. ಮಳೆಗೂ ಹೀಗೇ. ಇಟ್ ರೈನ್ಸ್ ಎ ಲಾಟ್ ಇನ್ ಮಂಗಳೂರು, ಇದು ಊರಿನ ಗುಣ. ಇಟ್ ಈಸ್ ರೈನಿಂಗ್, ಇದು ಕಿಟಕಿ ಆಚೆ ನೋಡಿ ಹೇಳುವ ಮಾತು. ಜುಲೈಯಲ್ಲಿ ಎರಡಕ್ಕೂ ವ್ಯತ್ಯಾಸ ಹುಡುಕಲು ಹೋಗಬೇಡಿ, ಒದ್ದೆ ಆಗುತ್ತೀರಿ.

ಇಂಟರ್‌ವ್ಯೂನಲ್ಲಿ ಏನು ಕೇಳಬಹುದು ಅಂತ ಮಾತು ಬಂತು. ಹಮೀದ್ ಹೇಳಿದ: ವಾಟ್ ಡಸ್ ಯುವರ್ ಫಾದರ್ ಡೂ ಅಂತ ಒಬ್ಬ ಹುಡುಗನಿಗೆ ಕೇಳಿದರೆ, ಅವನು ಪಕ್ಕಕ್ಕೆ ತಿರುಗಿ ನೋಡಿ, ಹೀ ಈಸ್ ಸ್ಲೀಪಿಂಗ್ ಸರ್ ಅಂದನಂತೆ. ಕೇಳಿದ್ದು ಉದ್ಯೋಗ, ಹೇಳಿದ್ದು ಲೈವ್ ಅಪ್‌ಡೇಟ್.

“ಅದರ ಹಿಂದೆ ಆಲ್ವೇಸ್ ಸೇರಿಸಿದ್ರೆ ನನ್ನ ಹೆಂಡತಿ ಹೇಳಿದ ಹಾಗೇ ಆಗ್ತದೆ,” ಅಂದ ಸುಧಾಕರ. “ಹೀ ಈಸ್ ಆಲ್ವೇಸ್ ಸ್ಲೀಪಿಂಗ್!”

ಟೀಚರ್ ಮುಖ ಅರಳಿತು. ನೋಡಿ, ದಿನಾ ಆಗುವ ವಿಷಯವಾದರೂ ಅಲ್ಲಿ ಇಂಗ್ ಬರುತ್ತದೆ, ಯಾಕಂದರೆ ಹೇಳುವವರಿಗೆ ತಲೆಕೆಟ್ಟು ಹೋಗಿದೆ. ಹೀ ಆಲ್ವೇಸ್ ಸ್ಲೀಪ್ಸ್ ಆಫ್ಟರ್ ಲಂಚ್ ಅಂದರೆ ಮಾಹಿತಿ. ಹೀ ಈಸ್ ಆಲ್ವೇಸ್ ಸ್ಲೀಪಿಂಗ್ ಅಂದರೆ ದೂರು. ಗ್ರಾಮರ್ ಪುಸ್ತಕದಲ್ಲೇ ಗೊಣಗುವುದಕ್ಕೊಂದು ಜಾಗ ಇಟ್ಟಿದ್ದಾರೆ ಅಂತ ಗೊತ್ತಾದ ಮೇಲೆ ನನಗೆ ಇಂಗ್ಲಿಷ್ ಮೇಲೆ ಸ್ವಲ್ಪ ಗೌರವ ಬಂತು.

ಇನ್ನು ಫೋನಿನಲ್ಲಿ ನಾವು ಹೇಳುವ ‘ಬರ್ತಾ ಇದ್ದೇನೆ’ಯ ವಿಷಯ. ಬಚ್ಚಲಲ್ಲಿ ತಲೆಗೆ ನೀರು ಹೊಯ್ದುಕೊಳ್ಳುತ್ತಾ ಐ ಆಮ್ ಕಮಿಂಗ್, ನಂತೂರು ಹತ್ರ ಇದ್ದೇನೆ ಅನ್ನುತ್ತೇವೆ. ಇದರಲ್ಲಿ ವ್ಯಾಕರಣದ ತಪ್ಪು ಏನೂ ಇಲ್ಲ, ತಪ್ಪು ಬೇರೆ ಇಲಾಖೆಯದ್ದು.

ಅಷ್ಟರಲ್ಲಿ ಟೀಚರ್ ಇಡೀ ಪುಟದ ಇಂಗ್‌ಗಳನ್ನು ಆರಿಸಿ ಆರಿಸಿ ಹೊಡೆದು ಹಾಕಿದ್ದರು. ಹೀ ವರ್ಕ್ ಅಂತಿದ್ದ ಕಡೆ ಹೀ ವರ್ಕ್ಸ್ ಅಂತ ಒಂದು ಎಸ್ ಸೇರಿಸಿದರು. ಇಂಗ್ ತೆಗೆದರೆ ಅವನು, ಅವಳು, ಅದು ಬಂದ ಕಡೆ ಎಸ್ ಬೇಕಲ್ಲ, ಅದು ಬೇರೆ ರಗಳೆ. ಕೊನೆಯ ಸಾಲಿಗೆ ಬರುವಾಗ ಸುಧಾಕರ ತಾನೇ ಪೆನ್ನು ಕಿತ್ತುಕೊಂಡ. ಅಲ್ಲಿ ‘ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯೂ’ ಅಂತಿತ್ತು.

“ಐ ಲುಕ್ ಫಾರ್ವರ್ಡ್. ಇಂಗ್ ಹೋಯ್ತು. ಈಗ ನೂರಕ್ಕೆ ನೂರು!”

“ಅದು ಇದ್ದರೂ ಆಗ್ತಿತ್ತು,” ಅಂದರು ಟೀಚರ್. “ಇಂಗ್ ಇದ್ರೆ ಸ್ವಲ್ಪ ಸಲಿಗೆ, ಇಲ್ಲದಿದ್ರೆ ಆಫೀಸಿನ ಗಾಂಭೀರ್ಯ. ಇಲ್ಲದ್ದೇ ಇರ್ಲಿ. ಆದ್ರೆ ಹಿಯರ್ ಅಂತ ಉಂಟಲ್ಲ, ಅದನ್ನು ಹಿಯರಿಂಗ್ ಮಾಡಿ.”

ಸುಧಾಕರ ಪೆನ್ನು ಟೇಬಲ್ ಮೇಲೆ ಇಟ್ಟ.

“ಒಂದು ಗಂಟೆಯಿಂದ ಇಂಗ್ ತೆಗೆ ತೆಗೆ ಅಂತ ಹೇಳಿ, ಈಗ ಹಾಕು ಅಂತೀರಲ್ಲ ಟೀಚರ್?”

“ಅದು ಬೇರೆ ಇಂಗ್.”

“ಬೇರೆ ಅಂದ್ರೆ?”

ಟೀಚರ್ ಬಾಯಿ ತೆರೆಯುವ ಮೊದಲೇ ಹಮೀದ್ ಮಾಣಿಯನ್ನು ಕರೆದು ಇನ್ನೊಂದು ಪ್ಲೇಟ್ ಗೋಳಿಬಜೆ ಹೇಳಿದ.