ಚಿಕ್ಕಪ್ಪ ಹಾಕಿದ ರಫ್ತಿನ ಫೋಟೋ

ಚಿಕ್ಕಪ್ಪ: ನಾನು ಗ್ರೂಪಿಗೆ ಹಾಕಿದ ಫೋಟೋ ನೋಡಿದಿರಾ? ದೇಶದ ಸರಕು ರಫ್ತು 2013-14ರಲ್ಲಿ 19 ಲಕ್ಷ ಕೋಟಿ ರೂಪಾಯಿ, 2023-24ರಲ್ಲಿ 36 ಲಕ್ಷ ಕೋಟಿ. ಹತ್ತೇ ವರ್ಷಕ್ಕೆ ಹೆಚ್ಚುಕಮ್ಮಿ ಎರಡು ಪಟ್ಟು!

ಸುಮಾ: ಅಂಕಿ ಸುಳ್ಳಲ್ಲ ಚಿಕ್ಕಪ್ಪ, ಅಳತೆ ಸರಿ ಇಲ್ಲ. ಆಗ ಡಾಲರ್‌ಗೆ 60 ರೂಪಾಯಿ ಇತ್ತು, 2023-24ರಲ್ಲಿ 83ರ ಹತ್ತಿರ. ಡಾಲರ್ ಲೆಕ್ಕದಲ್ಲಿ 314 ಬಿಲಿಯನ್ (ಒಂದು ಬಿಲಿಯನ್ ಅಂದರೆ 100 ಕೋಟಿ) ಇದ್ದದ್ದು 437 ಆಗಿದೆ, ಅಂದರೆ ನೂರಕ್ಕೆ 39ರಷ್ಟು ಏರಿಕೆ. ಮಿಕ್ಕಿದ್ದು ರೂಪಾಯಿ ಬಿದ್ದಿದ್ದರಿಂದ ಬಂದದ್ದು.

ಚಿಕ್ಕಪ್ಪ: ನಮ್ಮ ಕೈಗೆ ಬರುವುದು ರೂಪಾಯಿಯೇ ಅಲ್ವಾ?

ಸುಮಾ: ಹೌದು, ಆದರೆ ಕಚ್ಚಾ ತೈಲ ತರಿಸುವಾಗ ಕೊಡುವುದು ಡಾಲರ್. ಇನ್ನು ಡಾಲರ್ ಲೆಕ್ಕವೂ ಸಾಲದು, ಬೆಲೆ ಬೇರೆ, ಪ್ರಮಾಣ ಬೇರೆ. ನಮ್ಮ ಕಾಫಿಯನ್ನೇ ನೋಡಿ. 2023-24ರಲ್ಲಿ ಸುಮಾರು 128 ಕೋಟಿ ಡಾಲರ್ ಇದ್ದ ಕಾಫಿ ರಫ್ತು ಮರುವರ್ಷ 180 ಕೋಟಿ ಮುಟ್ಟಿತು. ಬ್ರೆಜಿಲ್, ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟು ರೇಟು ಏರಿದ್ದೇ ಮುಖ್ಯ ಕಾರಣ. ಆ ವರ್ಷ ನಿಮ್ಮ ಗೋಡೌನಿನಲ್ಲಿ ಚೀಲ ಜಾಸ್ತಿ ಇತ್ತಾ?

ಚಿಕ್ಕಪ್ಪ: ಈಗಷ್ಟೇ ಲೆಕ್ಕದ ಪುಸ್ತಕ ತೆಗೆದು ನೋಡಿದೆ. ರೋಬಸ್ಟಾ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, 4 ಚೀಲ ಕಡಿಮೆಯೇ. ದುಡ್ಡು ಮಾತ್ರ ಜಾಸ್ತಿ.

ಸುಮಾ: ಅದೇ ನಾನು ಹೇಳುತ್ತಿರುವುದು. ಬೇರೆಯವರು ಎಷ್ಟು ಓಡಿದ್ದಾರೆ ಅಂತಲೂ ನೋಡಬೇಕು. ವಿಯೆಟ್ನಾಂ ರಫ್ತು 2013ರಲ್ಲಿ 132 ಬಿಲಿಯನ್ ಡಾಲರ್, 2023ರಲ್ಲಿ ಸುಮಾರು 354. ಜಗತ್ತಿನ ಸರಕು ರಫ್ತಿನಲ್ಲಿ 1948ರಲ್ಲಿ ನಮ್ಮ ಪಾಲು 2.2% ಇತ್ತು, 1983ಕ್ಕೆ 0.5%ಕ್ಕೆ ಇಳಿಯಿತು, ಈಗ 1.8%ರ ಆಸುಪಾಸಿನಲ್ಲಿದೆ. ಬಿದ್ದು ಎದ್ದಿದ್ದೇವೆ, ಆದರೆ ಹಳೆಯ ಜಾಗಕ್ಕೆ ಇನ್ನೂ ಬಂದಿಲ್ಲ.

ರವಿ: ಅಕ್ಕಾ, ವಿಯೆಟ್ನಾಂನವರು ಬಿಡಿಭಾಗ ತರಿಸಿ ಜೋಡಿಸಿ ಕಳಿಸುತ್ತಾರೆ, ಪೂರ್ತಿ ಅವರದ್ದಲ್ಲ. ಮತ್ತೆ ನೀನು ಸಾಫ್ಟ್‌ವೇರ್ ಬಿಟ್ಟೇಬಿಟ್ಟೆ. ನಮ್ಮ ಸೇವಾ ರಫ್ತು ಅದೇ ಹತ್ತು ವರ್ಷದಲ್ಲಿ 152 ಬಿಲಿಯನ್ ಡಾಲರ್‌ನಿಂದ 341ಕ್ಕೆ ಹೋಗಿದೆ. ಬೆಂಗಳೂರಿನಲ್ಲಿ ಕೂತು ನಾವು ಮಾಡುವ ಕೆಲಸ ರಫ್ತು ಅಲ್ವಾ?

ಸುಮಾ: ಎರಡೂ ನಿಜ, ಒಪ್ಪಿದೆ. ಜೋಡಿಸುವ ಮಾತು ನಮ್ಮ ಫೋನ್ ರಫ್ತಿಗೂ ಅನ್ವಯಿಸುತ್ತದೆ, ಅದರಲ್ಲೂ ಹೊರಗಿನ ಬಿಡಿಭಾಗ ಕಳೆದೇ ಲೆಕ್ಕ ಹಾಕಬೇಕು. ಸೇವೆಯಲ್ಲಂತೂ ಡಾಲರ್‌ನಲ್ಲೇ ಎರಡು ಪಟ್ಟು ದಾಟಿದ್ದೇವೆ. ಚಿಕ್ಕಪ್ಪ, ಹೆಮ್ಮೆ ಪಡುವುದಾದರೆ ಇದಕ್ಕೆ ಪಡೋಣ, ಆ ಫೋಟೋದಲ್ಲಿ ಇದು ಇಲ್ಲವೇ ಇಲ್ಲ.

ಚಿಕ್ಕಪ್ಪ: ಸರಿ, ಡಾಲರ್ ಲೆಕ್ಕ ಬರೆದು ಕಳಿಸಮ್ಮ. ತೋಟದವರ ಗ್ರೂಪಿಗೂ ಇದೇ ಫೋಟೋ ಹಾಕಿದ್ದೇನೆ, ಅಲ್ಲೂ ತಿದ್ದಬೇಕು.