ದೊಡ್ಡ ಕೈಗೆ ಹೊಂದುವ ಸಣ್ಣ .32 ಪಿಸ್ತೂಲು ಯಾವುದು?

ಕಬ್ಬಿನಗದ್ದಿ (ಜಮಖಂಡಿ):

ಎಲ್ಲಾರಿಗೂ ನಮಸ್ಕಾರ್ರಿ. ಬಾಗಲಕೋಟಿ ಜಿಲ್ಲಾದಾಗ ಲೈಸೆನ್ಸ್ ಮಂಜೂರಾಗೈತಿ, ಇನ್ನ ಪಿಸ್ತೂಲು ಆರಿಸೂದು ಬಾಕಿ. ಅಂಗಿ ಒಳಗ ನಡಕ್ಕ ಕಟ್ಟಿದ್ರ ಹೊರಗ ಕಾಣಬಾರದು, ಅಷ್ಟು ಸಣ್ಣದು ಬೇಕು. ತೊಂದ್ರಿ ಅಂದ್ರ ಕೈ ದೊಡ್ಡದು. ಮಣಿಕಟ್ಟಿನ ಗೆರಿಯಿಂದ ನಡುಬೆರಳ ತುದಿಗೆ 21.5 ಸೆಂ.ಮೀ., ಹೆಬ್ಬೆರಳು ಬಿಟ್ಟು ಅಂಗೈ ಅಗಲ 10 ಸೆಂ.ಮೀ.

ಡೀಲರ್ ಹತ್ರ ಈಗ ಇರೂದು: ಹಳೇ ವಾಲ್ಥರ್ ಪಿಪಿಕೆ, ಹಳೇ ವಾಲ್ಥರ್ ಪಿಪಿ, ಒಂದು ಸಿಝಡ್ 83, ಮತ್ತ ಹೊಸಾ ಅಶನಿ. ಪಿಪಿಕೆ ಹಿಡದ್ರ ಕಿರುಬೆರಳಿಗೆ ಜಾಗಾನ ಇಲ್ಲ, ಟ್ರಿಗರ್ ಮ್ಯಾಲೆ ತೋರುಬೆರಳಿನ ಮೊದಲನೇ ಗೆಣ್ಣು ಕುಂದರ್ತೈತಿ. "ನಾಕ್ ದಿನ ಹಿಡದ್ರ ರೂಢಿ ಆಗತೈತಿ" ಅಂತಾರ ಅಂಗಡಿಯವರು. ಖರೇನ? ಅಥವಾ ರಿವಾಲ್ವರ್ ಕಡೆ ಹೋಗೂದು ಚಲೋನ? ಬಲಗೈ ಬಳಕಿ.

ಖಾಲಿ ಚೇಂಬರ್ (ಬೆಳಗಾವಿ):

ರೂಢಿ ಆಗುವುದು ಕೈಯ ಹಿಡಿತವಲ್ಲ, ತಪ್ಪು ಹಿಡಿತ. ಪಿಪಿಕೆ ಬಿಡಿ.

ಮೊದಲು ಒಂದು ಮಾತು. ಇಂಟರ್‌ನೆಟ್ಟಿನಲ್ಲಿ "ದೊಡ್ಡ ಕೈಗೆ ಕಾಂಪ್ಯಾಕ್ಟ್" ಎಂದು ಹುಡುಕಿದರೆ ಬರುವುದೆಲ್ಲ ಗ್ಲಾಕ್ 19, ಸಿಗ್ ಪಿ365 ತರಹದ 9 ಎಂ.ಎಂ. ಪಿಸ್ತೂಲುಗಳು. ನಮ್ಮಲ್ಲಿ 9 ಎಂ.ಎಂ. ನಿಷೇಧಿತ ಬೋರ್ (ನಳಿಗೆಯ ಒಳಅಳತೆ), ಸಾಮಾನ್ಯ ಲೈಸೆನ್ಸಿಗೆ ಸಿಗುವುದಿಲ್ಲ. ಆ ಪಿಸ್ತೂಲುಗಳಲ್ಲಿ ಹಿಡಿಯ ಬೆನ್ನುಪಟ್ಟಿಯನ್ನೋ ಹಿಡಿಯನ್ನೋ ಬದಲಿಸುವ ಸೌಲಭ್ಯ ಇರುತ್ತದೆ, ನಮ್ಮ .32 (ಇಂಚಿನ ಅಳತೆಯ ಬೋರ್) ಹಳೆಯ ಪಿಸ್ತೂಲುಗಳಲ್ಲಿ ಅದಿಲ್ಲ. ಆದ್ದರಿಂದ ಆ ವಿಡಿಯೊಗಳ ಸಲಹೆ ನಿಮ್ಮ ಕೈಗೆ ಉಪಯೋಗವಿಲ್ಲ. ಖಾಸಗಿ ಆಮದು 1980ರ ದಶಕದಲ್ಲೇ ಬಂದ್ ಆಗಿದ್ದರಿಂದ ವಿದೇಶಿ ಮಾಲು ಎಂದರೆ ಕೈ ಬದಲಾಯಿಸಿಕೊಂಡು ಬಂದ ಹಳೆಯದೇ.

ದೊಡ್ಡ ಕೈಯವರು ಎಲ್ಲರೂ ಕಿರುಬೆರಳನ್ನೇ ನೋಡುತ್ತಾರೆ. ಕಿರುಬೆರಳು ಕೆಳಗೆ ಜೋತಾಡಿದರೆ ಹಿಡಿತ ಸ್ವಲ್ಪ ಸಡಿಲ, ಅಷ್ಟೆ. ಅದಕ್ಕಿಂತ ಕೆಟ್ಟ ಜಾಗ ಎರಡು.

ಒಂದು, ಹಿಂಭಾಗ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಚರ್ಮ ಪಿಸ್ತೂಲಿನ ಬಾಲದ (ಹಿಡಿಯ ಮೇಲ್ತುದಿಯಲ್ಲಿ ಹಿಂದಕ್ಕೆ ಚಾಚಿದ ಭಾಗದ) ಕೆಳಗೆ ಕೂರಬೇಕು. ಪಿಪಿಕೆಯ ಬಾಲ ಗಿಡ್ಡ. ದಪ್ಪ ಕೈಯ ಚರ್ಮ ಅದರ ಮೇಲೆ ಉಬ್ಬಿ ಬರುತ್ತದೆ, ಸ್ಲೈಡ್ (ಮೇಲೆ ಹಿಂದೆ ಮುಂದೆ ಜಾರುವ ಉಕ್ಕಿನ ಭಾಗ) ಹಿಂದಕ್ಕೆ ಬಂದಾಗ ಅದರ ಕೆಳಗಿನ ಎರಡು ಅಂಚು ಚರ್ಮವನ್ನು ಕೊಯ್ಯುತ್ತವೆ. ಇದು ವಾಲ್ಥರ್‌ನ ಹೆಸರಾಂತ ದೋಷ, ಪಿಪಿಯಲ್ಲೂ ಇದೆ. ಅಂಗಡಿಯಲ್ಲೇ ಪರೀಕ್ಷಿಸಬಹುದು: ಮ್ಯಾಗಜಿನ್ (ಗುಂಡು ತುಂಬುವ ಪೆಟ್ಟಿಗೆ) ತೆಗೆದು, ಚೇಂಬರ್ (ಗುಂಡು ಕೂರುವ ನಳಿಗೆಯ ಬುಡ) ಖಾಲಿ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಾತ್ರಿ ಮಾಡಿಕೊಂಡು, ಸ್ಲೈಡಿನ ಹಿಂದಿನ ಕೆಳಅಂಚಿಗೆ ಸೀಮೆಸುಣ್ಣ ಸವರಿ. ಗುಂಡು ಹಾರಿಸುವಾಗಿನಷ್ಟೇ ಬಿಗಿಯಾಗಿ ಹಿಡಿದು, ಎಡಗೈಯಿಂದ ಸ್ಲೈಡ್ ಪೂರ್ತಿ ಹಿಂದಕ್ಕೆ ಎಳೆಯಿರಿ. ಚರ್ಮದ ಮೇಲೆ ಬಿಳಿ ಗೆರೆ ಬಿದ್ದರೆ ರೇಂಜಿನಲ್ಲಿ ಅದೇ ಜಾಗದಲ್ಲಿ ರಕ್ತ.

ಎರಡು, ಟ್ರಿಗರ್ ದೂರ. ಬೆರಳಿನ ತುದಿಯ ಮೆತ್ತನೆಯ ಭಾಗ, ಅಂದರೆ ಉಗುರಿನ ಹಿಂದುಗಡೆ, ಟ್ರಿಗರ್ ಮೇಲಿರಬೇಕು. ಗೆಣ್ಣಿನ ಗೆರೆ ಕೂತರೆ ಬೆರಳು ನೇರ ಹಿಂದಕ್ಕೆ ಬರದೆ ಓರೆಯಾಗಿ ಮಡಚುತ್ತದೆ. ಬಲಗೈಯವರ ಗುಂಡು ಸಾಮಾನ್ಯವಾಗಿ ಬಲಕ್ಕೆ ಸರಿಯುತ್ತದೆ. ಇಲ್ಲಿ ಒಂದು ಮೋಸವಿದೆ. ಪಿಪಿ, ಪಿಪಿಕೆ ಎರಡೂ ಡಬಲ್ ಆಕ್ಷನ್. ಮೊದಲ ಗುಂಡಿಗೆ ಟ್ರಿಗರ್ ಮುಂದಿರುತ್ತದೆ, ಉದ್ದ ಬೆರಳಿಗೆ ಹಿತವೆನಿಸುತ್ತದೆ. ಎರಡನೆಯದರಿಂದ ಹ್ಯಾಮರ್ (ಗುಂಡು ಸಿಡಿಸುವ ಸುತ್ತಿಗೆ) ತಾನೇ ಏರಿ ನಿಂತು ಟ್ರಿಗರ್ ಹಿಂದಕ್ಕೆ ಸರಿಯುತ್ತದೆ. ಅಂಗಡಿಯಲ್ಲಿ ಜನ ನೋಡುವುದು ಮೊದಲನೆಯದನ್ನು ಮಾತ್ರ. ಹ್ಯಾಮರ್ ಏರಿಸಿಟ್ಟು ಮತ್ತೊಮ್ಮೆ ಬೆರಳಿಟ್ಟು ನೋಡಿ.

ನಿಮ್ಮ ನಾಲ್ಕರಲ್ಲಿ ನನ್ನ ಆಯ್ಕೆ ಸಿಝಡ್ 83. ಅದರ ಮ್ಯಾಗಜಿನ್ ಎರಡು ಸಾಲಿನದು, .32ರಲ್ಲಿ 15 ಗುಂಡು. ಅದರಿಂದಲೇ ಹಿಡಿ ದಪ್ಪ, ಅಂಗೈ ತುಂಬುತ್ತದೆ, ತೋರುಬೆರಳು ತಾನಾಗಿ ಹಿಂದೆ ಉಳಿಯುತ್ತದೆ. ಬೆಲೆ ತೆರಬೇಕಾದದ್ದು ತೂಕದಲ್ಲಿ, ಖಾಲಿಯೇ ಸುಮಾರು 800 ಗ್ರಾಂ. ಬೆರೆಟ್ಟಾ 81 ಸಿಕ್ಕರೂ ಇದೇ ಲೆಕ್ಕ, 12 ಗುಂಡು. ಸಿಝಡ್‌ನ ಸ್ಥಿತಿ ಸರಿ ಇಲ್ಲದಿದ್ದರೆ ಪಿಪಿ. ಅಶನಿ ಈಶಾಪುರದ ರೈಫಲ್ ಫ್ಯಾಕ್ಟರಿಯದು, ಹೊಸದು ಸಿಗುತ್ತದೆ, ಬಿಡಿಭಾಗದ ಚಿಂತೆ ಕಡಿಮೆ. ಹಿಡಿದು ಸೀಮೆಸುಣ್ಣದ ಪರೀಕ್ಷೆ ಮಾಡಿಯೇ ನಿರ್ಧರಿಸಿ.

ಗುಮ್ಮಟದ ನೆರಳು (ವಿಜಯಪುರ):

ಖಾಲಿ ಚೇಂಬರ್ ಸರ್ ಹೇಳಿದ್ದು ಪಿಸ್ತೂಲಿಗೆ ಖರೇ ಅದ. ಆದ್ರ ರಿವಾಲ್ವರ್ ಪ್ರಶ್ನಿ ಹಂಗ ಬಿಟ್ರಲ್ರಿ.

ದೊಡ್ಡ ಕೈಗೆ ರಿವಾಲ್ವರಿನಾಗ ಒಂದ್ ಲಾಭ ಅದ. ಹಿಡಿ ಒಳಗ ಮ್ಯಾಗಜಿನ್ ಇಲ್ಲ. ಅದಕ್ಕ ಹಿಡಿ ಎಷ್ಟು ದಪ್ಪ, ಎಷ್ಟು ಉದ್ದ ಬೇಕಂದ್ರೂ ಮಾಡಿಸಬಹುದು. ಒಂದ್ ಸ್ಕ್ರೂ ಬಿಚ್ಚಿದ್ರ ಹಳೇ ಹಿಡಿ ಬರ್ತದ. ಟ್ರಿಗರ್ ಗಾರ್ಡಿನ ಹಿಂದ ಖಾಲಿ ಇರೋ ಸಂದು ತುಂಬೂವಂಗ ಮರದ ಹಿಡಿ ಕೆತ್ತಿಸಿದ್ರ ಕೈ ಕೆಳಗ ಇಳೀತದ, ನಡುಬೆರಳಿನ ಗೆಣ್ಣಿಗೆ ಗಾರ್ಡ್ ಬಡಿಯೂದು ನಿಲ್ತದ. ಸ್ಲೈಡ್ ಇಲ್ಲ, ಚರ್ಮಾ ಕೊಯ್ಯೂ ಮಾತೂ ಇಲ್ಲ.

ಕಾನಪುರದ ನಿರ್ಭೀಕ್ ರಿವಾಲ್ವರ್ 500 ಗ್ರಾಂ, ಟೈಟಾನಿಯಂ ಮಿಶ್ರಲೋಹ, 6 ಗುಂಡು, ಹಳೇ ವೆಬ್ಲಿ ರಿವಾಲ್ವರ್ ತರಹ ಮ್ಯಾಲಿಂದ ಮುರದು ತೆರೆಯೂದು. ಹಗುರ ಅಂತ ಹಿಗ್ಗಬ್ಯಾಡ್ರಿ, ಹಿಡಿ ಸಣ್ಣದು. 2023ರಾಗ ಬಂದ ಪ್ರಬಲ್‌ದಾಗ ಸಿಲಿಂಡರ್ (ಗುಂಡು ತುಂಬೂ, ತಿರುಗೂ ಉರುಳಿ) ಬಾಜೂಕ್ಕ ತೆರೀತದ, ಬ್ಯಾರೆಲ್ 76 ಮಿ.ಮೀ., ತೂಕ 700 ಗ್ರಾಂ. ಉದ್ದ ಬೆರಳಿಗೆ ಆ ಬಾಜೂ ತೆರೆಯೂದು ಅನುಕೂಲ, ಯಾಕಂದ್ರ ಮ್ಯಾಲಿಂದ ಮುರಿಯೂವುದರಾಗ ಚಿಲಕ ಹ್ಯಾಮರ್ ಬಾಜೂಕ್ಕ ಇರ್ತದ, ಹೆಬ್ಬೆರಳು ಮ್ಯಾಲೆ ಏರಿಸಿ ಹಿಡಿಯೋರು ಅದನ್ನ ತಾಗಸ್ತಾರ.

ಎರಡು ಎಚ್ಚರಿಕಿ. ಹೆಬ್ಬೆರಳು ಉದ್ದ ಅಂತ ಮುಂದ ಚಾಚಿ ಸಿಲಿಂಡರ್ ಬಾಜೂಕ್ಕ ಇಡಬ್ಯಾಡ್ರಿ. ಸಿಲಿಂಡರ್, ಬ್ಯಾರೆಲ್ ನಡುವಿನ ಸಂದಿನಿಂದ ಬಿಸಿ ಗ್ಯಾಸು ಸೀಸದ ಪುಡಿ ಜೊತಿ ಬಾಜೂಕ್ಕ ಸಿಡೀತದ. ಹೆಬ್ಬೆರಳು ಕೆಳಗ ಮಡಚಿ ನಡುಬೆರಳಿನ ಮ್ಯಾಲೆ ಇಡ್ರಿ. ಇನ್ನೊಂದು, ಎರಡಕ್ಕೂ ".32" ಅಂತಾರ, ಆದ್ರ ಗುಂಡು ಬ್ಯಾರೆ ಬ್ಯಾರೆ. ಪಿಸ್ತೂಲಿಂದು 7.65x17, ರಿವಾಲ್ವರಿಂದು .32 ಸ್ಮಿತ್ ಅಂಡ್ ವೆಸ್ಸನ್ ಲಾಂಗ್, 7.65x23. ಒಂದರದ್ದು ಇನ್ನೊಂದಕ್ಕ ನಡ್ಯಂಗಿಲ್ಲ. ಲೈಸೆನ್ಸಿನಾಗ ಪಿಸ್ತೂಲು ಅಂತ ಬರದಾರೋ ರಿವಾಲ್ವರ್ ಅಂತ ಬರದಾರೋ ನೋಡಿಕೊಂಡು ಅಡ್ವಾನ್ಸ್ ಕೊಡ್ರಿ.

ಕಬ್ಬಿನಗದ್ದಿ (ಜಮಖಂಡಿ):

ಸೀಮೆಸುಣ್ಣ ಹಚ್ಚಿ ನೋಡಿದ್ನಿ. ಪಿಪಿಕೆದಾಗ ಎರಡು ಗೆರಿ ಚೊಕ್ಕ ಬಿದ್ದುವು, ಪಿಪಿದಾಗ ಒಂದು ತಿಳಿಗೆರಿ, ಸಿಝಡ್‌ದಾಗ ಏನೂ ಇಲ್ಲ. ಅಶನಿ ಡಬ್ಬಿ ಇನ್ನ ತೆಗದಿಲ್ಲ ಅಂದ್ರು. ಸಿಝಡ್ ಕಡೆ ಮನಸು ಐತ್ರಿ. ಹಳೇದು ತೊಗೊಳ್ಳುವಾಗ ಏನೇನು ನೋಡಬೇಕು? ಮಾರೂವರು ಖಾಸಗಿಯವರು, ಡೀಲರ್ ಹತ್ರ ಬರೇ ಇಟ್ಟಾರಂತ.

ಬತ್ತೀಸ್ (ಗೋಕಾಕ):

ಖಾಸಗಿಯವರದ್ದು ಅಂದ್ರ ಮೊದಲು ಕಾಗದ. ಆರ್ಮ್ಸ್ ಆಕ್ಟ್ ಕಲಂ 5ರ ಪ್ರಕಾರ ಡೀಲರ್ ಅಲ್ಲದವರು ಮಾರಬೇಕಂದ್ರ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಇಲ್ಲಾ ಹತ್ರದ ಪೊಲೀಸ್ ಠಾಣಾಕ್ಕ ಬರವಣಿಗಿಲೆ ತಿಳಿಸಿ 45 ದಿನ ಕಳೀಬೇಕು. ಆ ಅರ್ಜಿ ಕೊಟ್ಟ ಪ್ರತಿ ಕೇಳ್ರಿ. ನಂಬರು ಫ್ರೇಮಿನ (ಪಿಸ್ತೂಲಿನ ಕೆಳಗಿನ ಚೌಕಟ್ಟಿನ) ಮ್ಯಾಲೂ ಮಾರೂವರ ಲೈಸೆನ್ಸಿನಾಗೂ ಒಂದ ಇರಬೇಕು. ತಿದ್ದಿದ್ದು, ಉಜ್ಜಿದ್ದು ಕಂಡ್ರ ಮಾತು ಮುಗೀತು, ಎದ್ದು ಬರ್ರಿ.

ಈಗ ಮಾಲು. .32 ಪಿಸ್ತೂಲು ಹೆಚ್ಚಿನವು ಬ್ಲೋಬ್ಯಾಕ್, ಸ್ಲೈಡ್ ತಡೆಯೂದು ಬರೇ ಅದರ ತೂಕ ಮತ್ತ ಸ್ಪ್ರಿಂಗು. ಸ್ಪ್ರಿಂಗು ಸೋತಿದ್ರ ಸ್ಲೈಡ್ ಹಿಂದಕ್ಕ ಜೋರ್ ಬಡೀತೈತಿ, ಫ್ರೇಮಿಗೆ ಬಿರುಕು ಬರ್ತೈತಿ. ಸ್ಲೈಡ್ ಎಳದು ಕೈಲೆ ಮೆಲ್ಲಕ ಮುಂದಕ್ಕ ಬಿಡ್ರಿ. ಕಡೀ ಅರ್ಧ ಸೆಂ.ಮೀ. ತಾನ ಮುಚ್ಚಬೇಕು, ನಿಂತ್ರ ಸ್ಪ್ರಿಂಗು ಸೋತೈತಿ, ಇಲ್ಲಾ ಹಳೇ ಎಣ್ಣಿ ಗಟ್ಟಿ ಆಗೈತಿ. ಸಿಝಡ್ 83, ವಾಲ್ಥರ್ ಎರಡರಾಗೂ ಬಿಚ್ಚೂವಾಗ ಟ್ರಿಗರ್ ಗಾರ್ಡ್ ಕೆಳಗ ಎಳೀಬೇಕು. ಆ ಗಾರ್ಡಿನ ಬುಡ, ಬ್ಯಾರೆಲ್ ಫ್ರೇಮಿಗೆ ಕೂಡೂ ಜಾಗ, ಸ್ಲೈಡಿನ ಒಳಮೂಲಿ ಇವನ್ನ ಭೂತಗನ್ನಡಿಲೆ ನೋಡ್ರಿ. ಬಿರುಕು ಕೂದಲೆಳಿಯಷ್ಟು ಇದ್ರೂ ಬ್ಯಾಡ.

ಬ್ಯಾರೆಲ್ ಒಳಗ ಬೆಳಕು ಬಿಟ್ಟು ನೋಡುವಾಗ ಒಂದು ಕಪ್ಪು ಉಂಗುರ ಕಂಡ್ರ ಒಳಗ ಗುಂಡು ಸಿಕ್ಕು ಉಬ್ಬಿದ್ದು. ಚುಕ್ಕಿ ಚುಕ್ಕಿ ತುಕ್ಕು ಅಷ್ಟು ಚಿಂತಿಲ್ಲ. ಚೇಂಬರಿನಾಗ ತುಕ್ಕು ಇದ್ರ ಖಾಲಿ ಕೇಸು ಅಂಟಿ ಹೊರಗ ಬರಂಗಿಲ್ಲ.

ದೊಡ್ಡ ಕೈಯವರು ಸಿಝಡ್‌ದಾಗ ಬ್ಯಾರೆನ ಒಂದು ನೋಡಬೇಕ್ರಿ. ಮ್ಯಾಗಜಿನ್ ಬಿಡೂ ಗುಂಡಿ ಎರಡೂ ಬಾಜೂ ಐತಿ. ಬಲಗೈಯವರು ಬಿಗಿ ಹಿಡದಾಗ ಬಲಕ್ಕಿರೂ ಗುಂಡಿ ಬೆರಳಿನ ಬುಡಕ್ಕ ಒತ್ತಾತೇನು? ಖಾಲಿ ಮ್ಯಾಗಜಿನ್ ಹಾಕಿ ಹತ್ತು ಸರ್ತಿ ಬಿಗಿ ಹಿಡದು ಅಲ್ಲಾಡಸ್ರಿ, ಕೆಳಗ ಜಾರಬಾರದು. ಎಡಗೈ ಹೆಬ್ಬೆರಳು ಸ್ಲೈಡಿಗೆ ಒರಗಿದ್ರ ಸ್ಲೈಡ್ ಪೂರ್ತಿ ಓಡಂಗಿಲ್ಲ, ಖಾಲಿ ಕೇಸು ಅರ್ಧ ಹೊರಗ ನಿಂತು ಸಿಗಬೀಳತೈತಿ. ಆವಾಗ ಪಿಸ್ತೂಲಿಗೆ ಬೈತಾರ, ತಪ್ಪು ಹೆಬ್ಬೆರಳಿಂದು. ವಾಲ್ಥರ್‌ದಾಗ ಹೊರಗ ಸ್ಲೈಡ್ ಸ್ಟಾಪ್ (ಗುಂಡು ಮುಗದಾಗ ಸ್ಲೈಡ್ ತೆರದು ಹಿಡಿಯೂ ಚಿಲಕ) ಇಲ್ಲ. ಸಿಝಡ್‌ದಾಗ ಬಲಗೈ ಹೆಬ್ಬೆರಳು ಅದನ್ನ ಒತ್ತಿ ಹಿಡದ್ರ ಕಡೀ ಗುಂಡು ಮುಗದ್ರೂ ಸ್ಲೈಡ್ ತೆರದು ನಿಲ್ಲಂಗಿಲ್ಲ.

ಗುಂಡು ತುಂಬೂದು: .32 ಗುಂಡಿನ ಬುಡದ ಅಂಚು 9.1 ಮಿ.ಮೀ., ಮೈ 8.6 ಮಿ.ಮೀ. ಮ್ಯಾಲಿನ ಗುಂಡಿನ ಅಂಚು ಕೆಳಗಿನದರ ಅಂಚಿನ ಹಿಂದ ಬಿದ್ರ ಎರಡೂ ಕೊಕ್ಕಿ ಹಾಕ್ಕೋತಾವು, ಸ್ಲೈಡ್ ತಳ್ಳಿದ್ರೂ ಮ್ಯಾಲಿಂದು ಏಳಂಗಿಲ್ಲ. ಉದ್ದ ಕಡಿಮಿ ಇರೂ, ಮೂತಿಗೆ ತೂತಿರೂ ಹಾಲೋ ಪಾಯಿಂಟ್‌ದಾಗ ಇದು ಹೆಚ್ಚು, ಯಾಕಂದ್ರ ಮ್ಯಾಗಜಿನ್ ಒಳಗ ಹಿಂದ ಮುಂದ ಜಾರಾಕ ಜಾಗಾ ಇರ್ತೈತಿ. 71 ಗ್ರೇನ್ ತೂಕದ ದುಂಡುಮೂತಿ ಗುಂಡು ಹಾಕ್ರಿ, ಪ್ರತಿ ಗುಂಡಿನ ಅಂಚು ಕೆಳಗಿನದರ ಮುಂದ ಕುಂದರೂವಂಗ ಒತ್ತಿ ಹಿಂದಕ್ಕ ಜಾರಸ್ರಿ. ಕೊಕ್ಕಿ ಬಿದ್ರ ಸ್ಲೈಡ್ ಮ್ಯಾಲೆ ಜೋರು ಮಾಡಬ್ಯಾಡ್ರಿ, ಮ್ಯಾಗಜಿನ್ ತಗದು ಬಿಡಸ್ರಿ.

ಗುಮ್ಮಟದ ನೆರಳು (ವಿಜಯಪುರ):

ಸಿಝಡ್ ತೊಗೊಂಡ್ರ ಹೋಲ್‌ಸ್ಟರ್ (ಪಿಸ್ತೂಲಿನ ಚೀಲ) ಅದರ ಅಳತಿದ ಬೇಕು. ಅಂಗಿ ಒಳಗ ಎದ್ದು ಕಾಣೂದು ಬ್ಯಾರೆಲ್ ಅಲ್ಲ, ಹಿಡಿ. ಸೊಂಟದ ಬಲಕ್ಕ, ಮೂಳಿಯ ತುಸು ಹಿಂದ, ಹಿಡಿ ಮುಂದ ಓಲೂವಂಗ 15 ಡಿಗ್ರಿ ವಾಲಿಸಿ ಕಟ್ಟಿದ್ರ ದಪ್ಪ ಹಿಡಿ ಬೆನ್ನಿಗೆ ಹತ್ತತದ. 800 ಗ್ರಾಂಗೆ ಸಾದಾ ಬೆಲ್ಟು ಜೋಲತದ, ಎರಡು ಪದರಿಂದು ತೊಗೊಳ್ರಿ.

ನಮ್ಮ ಕಡೆ ಏಪ್ರಿಲ್-ಮೇದಾಗ ಬೆವರು ನೀಲಿ ಬಣ್ಣದ ಉಕ್ಕು ತಿಂತದ. ಮನ್ಯಾಗ ಇಡೂವಾಗ ಚರ್ಮದ ಹೋಲ್‌ಸ್ಟರಿನಾಗ ಇಡಬ್ಯಾಡ್ರಿ, ಚರ್ಮಾ ಹದ ಮಾಡಿದ ಉಪ್ಪು ತೇವ ಹಿಡದು ತುಕ್ಕು ತರ್ತದ. ಎಣ್ಣಿ ತೆಳ್ಳಗ ಒರಸ್ರಿ. ಕಬ್ಬು ಕಡಿಯೂ ಕಾಲದಾಗ ಎರಿ ಮಣ್ಣಿನ ಧೂಳು ದಪ್ಪ ಎಣ್ಣಿಗೆ ಹತ್ತಿ ಅರಿಯೂ ಹಿಟ್ಟಾಗತದ. ಚುನಾವಣಿ ಬಂದು ಠಾಣಾದಾಗ ಜಮಾ ಮಾಡೂ ಮೊದಲು ಬ್ಯಾರೆಲ್ ಒಳಗೂ ಎಣ್ಣಿ ಬಟ್ಟಿ ಎಳೀರಿ, ವಾಪಸ್ ಬಂದ ಮ್ಯಾಲೆ ಒರಸಿ ಒಣಗಿಸಿನ ಗುಂಡು ತುಂಬ್ರಿ.

ಮತ್ತ ಲೈಸೆನ್ಸಿನ ವ್ಯಾಪ್ತಿ. ಕರ್ನಾಟಕ ಅಂತ ಅಷ್ಟ ಬರದಿದ್ರ ಕೊಗನೋಳಿ ದಾಟಿ ಕೊಲ್ಹಾಪುರಕ್ಕೋ, ಧೂಳಖೇಡ ದಾಟಿ ಸೊಲ್ಲಾಪುರಕ್ಕೋ ಪಿಸ್ತೂಲು ನಡಕ್ಕ ಕಟ್ಟಿಕೊಂಡು ಹೋಗಂಗಿಲ್ಲ. ದಿನಾ ಅತ್ತ ಓಡಾಟ ಇದ್ರ ಮೊದಲ ವ್ಯಾಪ್ತಿ ಹೆಚ್ಚಿಸಿಕೋರಿ.

ಖಾಲಿ ಚೇಂಬರ್ (ಬೆಳಗಾವಿ):

ಸಿಝಡ್ ಬಿರುಕಿನಿಂದ ಕೈಬಿಟ್ಟರೆ ಪಿಪಿಗೆ ಹೊಂದಿಸುವ ದಾರಿ ಇದೆ, ಅದನ್ನೂ ಹೇಳಿಬಿಡುತ್ತೇನೆ. ಪಿಪಿಯ ಹಿಡಿಗೆ ಎಡ ಬಲ ಎರಡು ಬೇರೆ ಪಟ್ಟಿ, ಹಿಂದೆ ಫ್ರೇಮಿನ ಉಕ್ಕೇ. ಆದ್ದರಿಂದ ಬದಿಗೆ ದಪ್ಪ ಮರದ ಪಟ್ಟಿ ಹಾಕಿಸಬಹುದು. ಒಂದೊಂದು ಬದಿಗೆ 3 ಮಿ.ಮೀ. ಏರಿದರೂ ಬೆರಳು ಸುತ್ತಿ ಬರುವ ದೂರ ಹೆಚ್ಚಿ ತೋರುಬೆರಳಿನ ತುದಿಯೇ ಟ್ರಿಗರ್ ಮೇಲೆ ಬರುತ್ತದೆ. ಪಿಪಿಕೆಯಲ್ಲಿ ಹಿಡಿ ಒಂದೇ ತುಂಡು, ಬೆನ್ನನ್ನೂ ಅದೇ ಸುತ್ತುತ್ತದೆ, ಹಳೆಯ ಪ್ಲಾಸ್ಟಿಕ್ಕಿಗೆ ಸೀಳು ಬರುವುದು ಹೆಚ್ಚು.

ಪಟ್ಟಿ ಕೆತ್ತುವವರಿಗೆ ಪಿಸ್ತೂಲು ಕೊಟ್ಟು ಬರಬೇಡಿ. ಲೈಸೆನ್ಸಿಲ್ಲದ ಬಡಗಿಯ ಕೈಯಲ್ಲಿ ಅದು ಒಂದು ರಾತ್ರಿ ಉಳಿದರೂ ಇಬ್ಬರಿಗೂ ಕೇಸು. ಹಳೆಯ ಪಟ್ಟಿ ಬಿಚ್ಚಿ ಅದನ್ನಷ್ಟೇ ಮಾದರಿಗೆ ಕೊಡಿ, ಅದನ್ನು ಒಡೆಯದಂತೆ ವಾಪಸ್ ಪಡೆಯಿರಿ. ಎಡಪಟ್ಟಿಯಲ್ಲಿ ಮ್ಯಾಗಜಿನ್ ಗುಂಡಿಯ ಸುತ್ತ ಮರ ತಗ್ಗಿಸದಿದ್ದರೆ ಗುಂಡಿ ಒಳಗೆ ಹೂತು ಒತ್ತಲು ಬರುವುದಿಲ್ಲ. ಕೆಳಗಿನ ಅಂಚು ಫ್ರೇಮಿಗಿಂತ ಉದ್ದವಾದರೆ ಮ್ಯಾಗಜಿನ್ ತಳ ತಾಗಿ ಪೂರ್ತಿ ಕೂರುವುದಿಲ್ಲ. "ಟಕ್" ಅಂದಿತೋ ಇಲ್ಲವೋ ಕೆಳಗೆ ಎಳೆದು ನೋಡಿ. ಕಿರುಬೆರಳಿಗೆ ಆಸರೆ ಬೇಕಾದರೆ ತಳದಲ್ಲಿ ಮೂಗು ಇರುವ ಮ್ಯಾಗಜಿನ್ ಪಿಪಿಗೆ ಬರುತ್ತದೆ. ಪಿಪಿಕೆಯದನ್ನು ಕೊಟ್ಟರೆ ತೆಗೆದುಕೊಳ್ಳಬೇಡಿ, ಅದು ಗಿಡ್ಡ, ಹಿಡಿಯುವುದೂ 7 ಗುಂಡು ಮಾತ್ರ, ಪಿಪಿಯದು 8. ಸ್ಪ್ರಿಂಗ್ ಬದಲಾವಣೆ, ಬಾಲದ ಅಂಚು ಉಜ್ಜುವುದು ಇತ್ಯಾದಿ ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರ ಮಾತ್ರ, ರಸೀದಿಯಲ್ಲಿ ಪಿಸ್ತೂಲಿನ ನಂಬರು ಬರೆಸಿ.