ಜಗತ್ತಿನ ಸುದ್ದಿ, ಕಲೆ, ಇಂಟರ್ನೆಟ್ ಸೋಜಿಗ: ದಿನಾ ಎಲ್ಲಿ ಓದ್ತೀರಿ?

ಕೇಳಿದವರು, ಮೈಸೂರು: ದಿನಕ್ಕೆ ಅರ್ಧ ಗಂಟೆ ಸಿಗುತ್ತೆ. ವಿದೇಶದ ಸುದ್ದಿ, ಒಂದಿಷ್ಟು ಕಲೆ-ಸಾಹಿತ್ಯ, ಇಂಟರ್ನೆಟ್ಟಿನ ವಿಚಿತ್ರಗಳು, ಎಲ್ಲಾ ಕಲಸಿ ಓದೋ ಆಸೆ. ಕಣ್ಣು ಮಂಜಾಗಿರೋ ಅಪ್ಪನಿಗೂ ಓದಿ ಹೇಳ್ಬೇಕು. ಅನುಭವ ಹೇಳಿ.

ಕುಂದಾಪ್ರದ ಓದುಗ: ಆರೆಸ್ಸೆಸ್ ಫೀಡ್ (ಸಂಘ ಅಲ್ಲ, ಬೇರೆ ಬೇರೆ ತಾಣಗಳ ಹೊಸ ಬರಹಗಳನ್ನ ಒಂದೇ ಕಡೆ ತಂದುಕೊಡೋ ವ್ಯವಸ್ಥೆ) ಬಿಟ್ರೆ ಬೇರೆ ದಾರಿ ಇಲ್ಲ. 2013ರ ಜುಲೈ 1ಕ್ಕೆ ಫೀಡ್ ಓದೋ ಗೂಗಲ್ ರೀಡರ್ ಮುಚ್ಚಿದಾಗ ನನ್ನ ಫೀಡುಗಳ ಪಟ್ಟಿ ಇರೋ ಓಪಿಎಂಎಲ್ ಫೈಲ್ ಇಳಿಸಿಕೊಂಡು, ಅದೇ ಕೆಲಸ ಮಾಡೋ ಫೀಡ್ಲಿಗೆ ಹಾಕಿದವ ನಾನು. ಆ ಫೈಲು ಇವತ್ತಿಗೂ ಇದೆ. ಸುದ್ದಿಗೆ ಬಿಬಿಸಿ, ಅಲ್ ಜಜೀರಾ. ಸೋಜಿಗಕ್ಕೆ 1998ರಿಂದ ನಡೀತಿರೋ ಕಾಟ್ಕೆ ಬ್ಲಾಗು, ನಾಸಾದ ದಿನಕ್ಕೊಂದು ಖಗೋಳ ಚಿತ್ರ. ಕಿರಿಕಿರಿ ಇಲ್ಲ ಅಂತಲ್ಲ. ಎಷ್ಟೋ ತಾಣಗಳು ಫೀಡಿನಲ್ಲಿ ಎರಡೇ ಸಾಲು ಬಿಡ್ತಾವೆ. ಕೆಲವು ಹೇಳದೆ ಕೇಳದೆ ನಿಂತುಹೋಗ್ತಾವೆ. ಬರೆಯೋರು ರಜೆಯಲ್ಲಿದ್ದಾರೋ ಫೀಡಿನ ವಿಳಾಸವೇ ಬದಲಾಯ್ತೋ ಅಂತ ಹುಡುಕ್ತಾ ಕೂರ್ಬೇಕು. ಆದ್ರೆ ಯಾವುದು ಮೊದಲು ಕಾಣ್ಬೇಕು ಅನ್ನೋದನ್ನ ಅಲ್ಗಾರಿದಮ್ ಅಲ್ಲ, ನಾನು ತೀರ್ಮಾನಿಸ್ತೀನಿ. ದುಡ್ಡು ಕೊಟ್ಟು ಇ-ಮೇಲಿಗೆ ನ್ಯೂಸ್‌ಲೆಟರ್ ತರಿಸೋರನ್ನ ಕಂಡ್ರೆ ಮರುಕ ಆಗುತ್ತೆ.

ಜಯನಗರ ನಾಲ್ಕನೇ ಬ್ಲಾಕ್: ಆ ಮರುಕ ನನಗೆ ಬೇಡ. ತಿಂಗಳಿಗೆ 5 ಡಾಲರಿನ ಒಂದು ನ್ಯೂಸ್‌ಲೆಟರ್ ನನ್ನದು. ಡಾಲರ್ 84 ಇದ್ದಾಗ 420 ರೂಪಾಯಿ. ವಿದೇಶಿ ಪಾವತಿಗೆ ಕಾರ್ಡಿನವರು ಹಾಕೋ 3.5% ಹೆಚ್ಚುವರಿ ಶುಲ್ಕ (ಮಾರ್ಕಪ್) 14.70, ಅದರ ಮೇಲೆ 18% ಜಿಎಸ್‌ಟಿ 2.65. ಒಟ್ಟು 437.35. 2021ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ಆಟೋ-ಡೆಬಿಟ್ ನಿಯಮ ಬಂತಲ್ಲ, ಪಾವತಿ ತಾನಾಗೇ ಹೋಗೋದು ನಿಂತು ಚಂದಾನೇ ರದ್ದಾಯ್ತು. ಹಳೇ ಕಡಿಮೆ ದರ ಕೈತಪ್ಪಿತು, ಮೇಲಿಂದ ಮೇಲೆ ಮೇಲ್ ಹಾಕಿದ್ರೂ ಉತ್ತರವಿಲ್ಲ. ಹೊಸ ದರಕ್ಕೇ ಮತ್ತೆ ಸೇರಿದೆ. ಯಾಕಂದ್ರೆ ಸುಡಾನ್ ಯುದ್ಧದ ಬಗ್ಗೆ ತಿಂಗಳುಗಟ್ಟಲೆ ಬಿಡದೆ ಬರೆದದ್ದು ನಾನು ನೋಡಿದ್ದು ಅಲ್ಲೇ.

ಹುಬ್ಬಳ್ಳಿ ಅಂಚಿ: ಎಲ್ಲಾರೂ ಫೋನಿನ ಮಾತೇ ಆಡಾಕತ್ತೀರಿ. ನಮ್ಮನ್ಯಾಗ ದಿನಾ ಪೇಪರ್, ತಿಂಗಳಿಗೊಮ್ಮೆ ಕಸ್ತೂರಿ. 1956ರಿಂದ ನಮ್ಮೂರಾಗ ಹೊರಡೂ ಡೈಜೆಸ್ಟ್ ಅದು, ಜಗತ್ತಿನ ಸಂಗತಿ ಎಲ್ಲಾ ಕನ್ನಡದಾಗ ಓದಿ ಬೆಳದೇವಿ. ರಾತ್ರಿ ಶಾರ್ಟ್‌ವೇವ್ ರೇಡಿಯೋದಾಗ ಬಿಬಿಸಿ ಹಿಂದಿ ಕೇಳ್ತಿದ್ದೆ, 2020ರ ಜನವರಿಗೆ ಅದೂ ಬಂದ್ ಆತು. ಆ ಹೊಟ್ಟಿಯುರಿ ಇನ್ನೂ ಹೋಗಿಲ್ಲ. ಮಳಿಗಾಲದಾಗ ಪೇಪರ್ ತೊಯ್ದು ಬರ್ತದ, ಇಸ್ತ್ರಿ ಹೊಡದು ಓದ್ತೀನಿ.

ಕುಂದಾಪ್ರದ ಓದುಗ: ಪೇಪರ್ ಅಂದ್ರೆ ನಿನ್ನೆಯ ಸುದ್ದಿ ಮಾರಾಯ್ರೆ. 2024ರ ನವೆಂಬರ್ 6ರ ಪೇಪರಿನಲ್ಲಿ ಟ್ರಂಪ್ ಗೆದ್ದದ್ದು ಇತ್ತಾ?

ಹುಬ್ಬಳ್ಳಿ ಅಂಚಿ: 7ಕ್ಕ ಬಂತಲ್ರಿ! ಯಾಕ ಗೆದ್ದ ಅನ್ನೋದೂ ಬಂತು. ಒಂದ್ ದಿನ ತಡ ಆದ್ರ ಯಾರ ಮನಿ ಮುಳಗತದ?

ಕೇಳಿದವರು, ಮೈಸೂರು: ಅಪ್ಪನಿಗೆ ಓದಿ ಹೇಳೋಕೆ ಕನ್ನಡದಲ್ಲಿ ಏನಾದ್ರೂ...

ಜಯನಗರ ನಾಲ್ಕನೇ ಬ್ಲಾಕ್: ಒಂದ್ನಿಮಿಷ ಇರಿ, ಕುಂದಾಪ್ರದವರಿಗೆ ಇದನ್ನ ಹೇಳಲೇಬೇಕು. ನೀವು ಪುಕ್ಕಟೆ ಓದೋ ಕಾಟ್ಕೆ ನಡೀತಿರೋದೂ ಓದುಗರು ಸದಸ್ಯತ್ವಕ್ಕೆ ಕಟ್ಟೋ ದುಡ್ಡಿಂದಲೇ. ನೀವು ಕಟ್ಟಿದೀರಾ?